ಕ್ಯಾನ್ಸರ್ ಅಂಗಾಂಶದಲ್ಲಿ ಹಾರ್ಮೋನ್ ಜೀನ್ ಅಳೆಯುವುದು ಹೇಗೆ: ತುಂಡು ಕೈಗೆ ಬಂದಲ್ಲಿಂದ ಲೆಕ್ಕ ಬರೆಯುವವರೆಗೆ

ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಕೆಲವೊಮ್ಮೆ ಪಿಟ್ಯುಟರಿ ಗ್ರಂಥಿಯ ಕೆಲಸವನ್ನು ತಾನೇ ಹಿಡಿದುಕೊಂಡು ಎಸಿಟಿಎಚ್ (ಅಡ್ರಿನಲ್ ಗ್ರಂಥಿಯನ್ನು ಕೆರಳಿಸುವ) ಹಾರ್ಮೋನನ್ನು ರಕ್ತಕ್ಕೆ ಸುರಿಯತೊಡಗುತ್ತದೆ. ಸ್ಕ್ವಾಮಸ್ ಜಾತಿಯ ಗೆಡ್ಡೆಗಳು ಪಿಟಿಎಚ್‌ಆರ್‌ಪಿ ಎಂಬ, ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಪ್ರೋಟೀನ್ ತಯಾರಿಸಿ ರಕ್ತದ ಕ್ಯಾಲ್ಸಿಯಂ ಏರಿಸುತ್ತವೆ. ಮಾಸಿನ (ಪ್ಲಾಸೆಂಟಾ) ಕೋಶಗಳ ಕ್ಯಾನ್ಸರಾದ ಕೋರಿಯೋಕಾರ್ಸಿನೋಮಾ ಗರ್ಭಧಾರಣೆಯ ಹಾರ್ಮೋನ್ ಎಚ್‌ಸಿಜಿ ಮಾಡುತ್ತದೆ, ಮೂತ್ರಕೋಶದ ಕೆಲವು ಗೆಡ್ಡೆಗಳು ಆಲ್ಫಾ, ಬೀಟಾ ಎಂಬ ಅದರ ಎರಡು ಭಾಗಗಳಲ್ಲಿ ಬೀಟಾವನ್ನಷ್ಟೇ ಮಾಡುತ್ತವೆ. ರಕ್ತ ಪರೀಕ್ಷೆ ಮಾಡಿದರೆ ಹಾರ್ಮೋನ್ ದೇಹದಲ್ಲಿ ಎಲ್ಲೋ ಹೆಚ್ಚಿದೆ ಎಂದು ತಿಳಿಯುತ್ತದೆ, ಅಷ್ಟೇ. ಈ ಗೆಡ್ಡೆಯ ಕೋಶಗಳೇ ಅದನ್ನು ತಯಾರಿಸುತ್ತಿವೆಯೇ ಎಂದು ತಿಳಿಯಬೇಕಾದರೆ ಗೆಡ್ಡೆಯೊಳಗಿನ ಎಂಆರ್‌ಎನ್‌ಎಯನ್ನೇ (ಜೀನ್ ಚಾಲೂ ಆದಾಗ ಹುಟ್ಟುವ ಅದರ ಆರ್‌ಎನ್‌ಎ ಪ್ರತಿಯನ್ನೇ) ಅಳೆಯಬೇಕು. ಅದಕ್ಕೆ ಬಹುತೇಕ ಪ್ರಯೋಗಾಲಯಗಳ ಕೈಗೆಟುಕುವ ಸಾಧನವೆಂದರೆ ಆರ್‌ಟಿ-ಕ್ಯೂಪಿಸಿಆರ್: ಆರ್‌ಎನ್‌ಎಯನ್ನು ಡಿಎನ್‌ಎ ಪ್ರತಿಯಾಗಿ (ಸಿಡಿಎನ್‌ಎ) ಬದಲಿಸಿ, ಅದನ್ನು ಸುತ್ತು ಸುತ್ತಿಗೆ ಇಮ್ಮಡಿಸುತ್ತ, ಎಷ್ಟನೇ ಸುತ್ತಿನಲ್ಲಿ ಸಂಕೇತ ಕಾಣುತ್ತದೆ ಎಂಬುದರಿಂದ ಮೊದಲಿದ್ದ ಪ್ರಮಾಣ ಲೆಕ್ಕ ಹಾಕುವುದು. ಆ ಸುತ್ತಿನ ಸಂಖ್ಯೆಯೇ ಸಿಕ್ಯೂ.

ಈ ಯಂತ್ರದ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಪ್ಲೇಟಿನ ಬಾವಿಯಲ್ಲಿ (ಮಾದರಿ ಹಾಕುವ ಸಣ್ಣ ಗುಳಿಯಲ್ಲಿ) ಏನು ಹಾಕಿದರೂ ಅದು ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಆ ಸಂಖ್ಯೆ ಯಾವ ಜೀನಿನದು, ಯಾವ ಕೋಶದ್ದು ಎಂಬುದು ಪ್ಲೇಟು ಯಂತ್ರಕ್ಕೆ ಹೋಗುವ ಎಷ್ಟೋ ದಿನ ಮೊದಲು, ಪ್ರೈಮರ್ (ಬೇಕಾದ ಜೀನನ್ನು ಹುಡುಕಿ ಹಿಡಿಯುವ ಚಿಕ್ಕ ಡಿಎನ್‌ಎ ಎಳೆ) ಬರೆದ ದಿನ ಮತ್ತು ಅಂಗಾಂಶ ಕತ್ತರಿಸಿದ ಗಳಿಗೆಯಲ್ಲಿ, ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಬರಹದಲ್ಲಿ ಯಂತ್ರಕ್ಕಿಂತ ಅದರ ಹಿಂದಿನ ಹೆಜ್ಜೆಗಳಿಗೇ ಹೆಚ್ಚು ಜಾಗ.

ಯಾವ ಟ್ರಾನ್ಸ್‌ಕ್ರಿಪ್ಟ್ (ಜೀನಿನ ಆರ್‌ಎನ್‌ಎ ಪ್ರತಿ) ಎಂದು ಮೊದಲು ತೀರ್ಮಾನಿಸಿ

ಹಾರ್ಮೋನ್ ಜೀನ್‌ಗಳಿಗೆ ಒಡಹುಟ್ಟಿದವು ಬಹಳ. ಎಚ್‌ಸಿಜಿ ಬೀಟಾವನ್ನೇ ತೆಗೆದುಕೊಳ್ಳಿ. 19ನೇ ಕ್ರೋಮೋಸೋಮಿನ ಒಂದೇ ಕಡೆ ಸಿಜಿಬಿ1, ಸಿಜಿಬಿ2, ಸಿಜಿಬಿ3, ಸಿಜಿಬಿ5, ಸಿಜಿಬಿ7, ಸಿಜಿಬಿ8 ಎಂಬ ಆರು ಜೀನ್‌ಗಳಿವೆ; ಅವುಗಳ ಪಕ್ಕದಲ್ಲೇ ಎಲ್‌ಎಚ್ ಹಾರ್ಮೋನಿನ ಬೀಟಾ ಭಾಗದ ಜೀನ್ ಎಲ್‌ಎಚ್‌ಬಿ. ಸಿಜಿಬಿ3 ಮತ್ತು ಎಲ್‌ಎಚ್‌ಬಿ ನಡುವೆ ಡಿಎನ್‌ಎ ಅಕ್ಷರಗಳ (ಬೇಸ್‌ಗಳ) ಹೋಲಿಕೆ ಶೇ 90ಕ್ಕೂ ಹೆಚ್ಚು. ಕಣ್ಣುಮುಚ್ಚಿ ಪ್ರೈಮರ್ ಬರೆದರೆ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ.

ಸಿಜಿಬಿಗಳ ಒಳಗೂ ಭೇದವಿದೆ. ಸಿಜಿಬಿ3, 5, 8 ಇವು ಮಾಡುವ ಪ್ರೋಟೀನಿನ 117ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವಿದ್ದರೆ ಸಿಜಿಬಿ7ರಲ್ಲಿ ಅಲ್ಲಿ ಅಲನಿನ್ ಇರುತ್ತದೆ. ಸ್ತನ, ಮೂತ್ರಕೋಶದಂಥ ಆರೋಗ್ಯವಂತ ಅಂಗಾಂಶಗಳಲ್ಲಿ ಸಿಜಿಬಿ7 ಸಣ್ಣ ಪ್ರಮಾಣದಲ್ಲಿ ಕಾಣಬಹುದು. ಗೆಡ್ಡೆಯಾದಾಗ ಎದ್ದು ಕೂರುವುದು 3, 5, 8. ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಪ್ರೈಮರ್ ಬಳಸಿದರೆ ಆರೋಗ್ಯವಂತ ತುಂಡಿನಲ್ಲೂ ಸಂಕೇತ ಬರುತ್ತದೆ, ಗೆಡ್ಡೆಯ ಏರಿಕೆ ಅದರಲ್ಲಿ ಮಸುಕಾಗುತ್ತದೆ. ಇನ್ನು ಆಲ್ಫಾ ಭಾಗದ ಜೀನ್ ಸಿಜಿಎ ಎಚ್‌ಸಿಜಿ, ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ನಾಲ್ಕಕ್ಕೂ ಒಂದೇ. ಅದನ್ನು ಮಾತ್ರ ಅಳೆದವರು ಯಾವ ಹಾರ್ಮೋನ್ ಎಂದು ಹೇಳುವ ಹಾಗಿಲ್ಲ.

ಎಸಿಟಿಎಚ್‌ನ ಮೂಲ ಜೀನ್ ಪಿಒಎಂಸಿಯ ಬಲೆ ಇನ್ನೂ ಸೂಕ್ಷ್ಮ. ಅದಕ್ಕೆ ಮೂರು ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ತುಂಡು; ನಡುವೆ ಕತ್ತರಿಸಿ ಹೋಗುವುದು ಇಂಟ್ರಾನ್). ಪಿಟ್ಯುಟರಿಯಲ್ಲಿ ಸುಮಾರು 1,200 ಬೇಸ್ ಉದ್ದದ ಪೂರ್ಣ ಎಂಆರ್‌ಎನ್‌ಎ ತಯಾರಾಗುತ್ತದೆ. ಬೇರೆ ಎಷ್ಟೋ ಸಾಮಾನ್ಯ ಅಂಗಾಂಶಗಳಲ್ಲಿ ಮೂರನೇ ಎಕ್ಸಾನಿನಿಂದಲೇ ಶುರುವಾಗುವ ಸುಮಾರು 800 ಬೇಸಿನ ಮೊಟಕು ರೂಪವೊಂದು ಇರುತ್ತದೆ. ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವ ಸಿಗ್ನಲ್ ಪೆಪ್ಟೈಡಿನ ಸಂಕೇತ ಎರಡನೇ ಎಕ್ಸಾನಿನಲ್ಲಿರುವುದರಿಂದ ಈ ಮೊಟಕು ರೂಪದಿಂದ ಹೊರಸೂಸುವ ಹಾರ್ಮೋನ್ ಆಗುವುದಿಲ್ಲ. ಎರಡೂ ಪ್ರೈಮರ್‌ಗಳನ್ನು ಮೂರನೇ ಎಕ್ಸಾನಿನಲ್ಲಿ ಇಟ್ಟರೆ ನೀವು ಅಳೆಯುತ್ತಿರುವುದು ಬಹುಪಾಲು ಈ ನಿರುಪಯೋಗಿ ರೂಪವನ್ನೇ. ಮುಂದಿನ ಪ್ರೈಮರ್ ಎರಡನೇ ಎಕ್ಸಾನಿನಲ್ಲಿ, ಹಿಂದಿನದು ಮೂರನೆಯದರಲ್ಲಿ ಇರಲಿ. ನಡುವಿನ ಇಂಟ್ರಾನ್ ಸಾವಿರಾರು ಬೇಸ್ ಉದ್ದವಿರುವುದರಿಂದ ಜೀನೋಮಿಕ್ ಡಿಎನ್‌ಎಯ (ಕೋಶದ ಮೂಲ ಡಿಎನ್‌ಎಯ) ಕಾಟವೂ ತಪ್ಪುತ್ತದೆ.

ಕ್ಯಾಲ್ಸಿಟೋನಿನ್ ಅಳೆಯುವವರಿಗೆ ಎದುರಾಗುವುದು ಸ್ಪ್ಲೈಸಿಂಗ್, ಅಂದರೆ ಎಕ್ಸಾನ್‌ಗಳನ್ನು ಬೇರೆ ಬೇರೆ ರೀತಿ ಜೋಡಿಸುವುದು. ಸಿಎಎಲ್‌ಸಿಎ ಎಂಬ ಒಂದೇ ಜೀನಿನಿಂದ ಮೊದಲ ಮೂರು ಎಕ್ಸಾನ್‌ಗಳಿಗೆ ನಾಲ್ಕನೆಯದು ಸೇರಿದರೆ ಕ್ಯಾಲ್ಸಿಟೋನಿನ್, ಐದು-ಆರನೆಯವು ಸೇರಿದರೆ ಸಿಜಿಆರ್‌ಪಿ ಎಂಬ ಬೇರೆಯೇ ಪೆಪ್ಟೈಡ್. ಒಂದು ಪ್ರೈಮರ್ ಮೂರು-ನಾಲ್ಕರ ಕೂಡುಗೆರೆಯ ಮೇಲೆಯೇ ಕೂರಬೇಕು. ಬೆಳವಣಿಗೆ ಹಾರ್ಮೋನಿಗೂ 17ನೇ ಕ್ರೋಮೋಸೋಮಿನಲ್ಲಿ ಜಿಎಚ್1, ಜಿಎಚ್2, ಸಿಎಸ್‌ಎಚ್1, ಸಿಎಸ್‌ಎಚ್2, ಸಿಎಸ್‌ಎಚ್‌ಎಲ್1 ಎಂಬ ಐದು ಹೋಲಿಕೆಯ ಜೀನ್‌ಗಳಿವೆ. ಅಲ್ಲೂ ಇದೇ ಎಚ್ಚರ ಬೇಕು.

ಪ್ರೈಮರ್ ಬರೆಯುವುದು, ಪರೀಕ್ಷಿಸುವುದು

ಸಾಮಾನ್ಯ ಅಳತೆಗಳು ಇವು: ಪ್ರೈಮರ್ 18ರಿಂದ 24 ಬೇಸ್, ಕರಗು ತಾಪ (ಡಿಎನ್‌ಎಯ ಎರಡು ಎಳೆ ಬೇರ್ಪಡುವ ತಾಪ) 58ರಿಂದ 62 ಡಿಗ್ರಿ ಸೆಲ್ಸಿಯಸ್, ಜಿ ಮತ್ತು ಸಿ ಬೇಸ್‌ಗಳ ಪ್ರಮಾಣ ಶೇ 40ರಿಂದ 60, ಹೊರಬರುವ ತುಣುಕು 70ರಿಂದ 150 ಬೇಸ್. ಮೇಣದಲ್ಲಿ (ಪ್ಯಾರಾಫಿನ್ ಬ್ಲಾಕಿನಲ್ಲಿ) ಹುದುಗಿಸಿಟ್ಟ ಅಂಗಾಂಶವಾದರೆ ತುಣುಕನ್ನು 60ರಿಂದ 80ಕ್ಕೆ ಇಳಿಸಿ. ಒಡಹುಟ್ಟಿದ ಜೀನ್‌ಗಳನ್ನು ಸಾಲಾಗಿ ಒಂದರ ಕೆಳಗೊಂದು ಜೋಡಿಸಿ ನೋಡಿ, ವ್ಯತ್ಯಾಸವಿರುವ ಅಕ್ಷರ ಪ್ರೈಮರಿನ 3 ಪ್ರೈಮ್ ತುದಿಗೆ (ಹೊಸ ಎಳೆ ಬೆಳೆಯತೊಡಗುವ ಕೊನೆಗೆ) ಬರುವಂತೆ ಇಡಿ. ವ್ಯತ್ಯಾಸ ನಡುವಿನಲ್ಲಿದ್ದರೆ ಎಳೆ ಬೆಳೆಸುವ ಪಾಲಿಮರೇಸ್ ಕಿಣ್ವ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಸಾಗುತ್ತದೆ.

ಸಿಜಿಬಿ ಜೀನ್‌ಗಳ ಇಂಟ್ರಾನ್‌ಗಳು ಕೆಲವೇ ನೂರು ಬೇಸ್‌ನವು. ಇಂಟ್ರಾನ್ ದಾಟುವಂತೆ ಪ್ರೈಮರ್ ಇಟ್ಟ ಮಾತ್ರಕ್ಕೆ ಜೀನೋಮಿಕ್ ಡಿಎನ್‌ಎ ವರ್ಧಿಸುವುದಿಲ್ಲ ಎಂದು ನೆಚ್ಚಿ ಕೂರುವ ಹಾಗಿಲ್ಲ. ಇಲ್ಲಿ ಡಿಎನ್‌ಎ ತಿನ್ನುವ ಕಿಣ್ವವಾದ ಡಿಎನೇಸ್‌ನ ಹೆಜ್ಜೆ ಕಡ್ಡಾಯ.

ಕೊನೆಯಲ್ಲಿ ತುಣುಕನ್ನು ಬಿಸಿ ಮಾಡಿ ಕರಗಿಸಿ ಬರೆಯುವ ಮೆಲ್ಟ್ ಕರ್ವಿನಲ್ಲಿ ಒಂದೇ ಶಿಖರ ಕಂಡರೆ ಪ್ರೈಮರ್ ಸರಿಯಿದೆ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಒಂದೇ ಶಿಖರವೆಂದರೆ ಒಂದೇ ಬಗೆಯ ಕರಗು ತಾಪ, ಒಂದೇ ಜೀನ್ ಎಂದಲ್ಲ. ಎಲ್‌ಎಚ್‌ಬಿಯ ತುಣುಕು ಸಿಜಿಬಿಯ ತುಣುಕಿನ ತಾಪದಲ್ಲೇ ಕರಗಬಹುದು. ಅದಕ್ಕೆ ಎರಡು ಪರೀಕ್ಷೆ ಮಾಡಿ. ಒಂದು, ಹೊರಬಂದ ತುಣುಕನ್ನು ಸ್ಯಾಂಗರ್ ವಿಧಾನದಲ್ಲಿ ಸೀಕ್ವೆನ್ಸ್ ಮಾಡಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿ. ಎರಡು, ಎಲ್‌ಎಚ್‌ಬಿಯ ಕೃತಕ ಡಿಎನ್‌ಎ ತುಣುಕು ತರಿಸಿ, ಬಾವಿಗೆ 10 ಲಕ್ಷ ಪ್ರತಿಯಂತೆ ಹಾಕಿ, ಸಿಜಿಬಿ ಪ್ರೈಮರ್‌ನಿಂದ ಓಡಿಸಿ. ಅಷ್ಟೇ ಪ್ರತಿಯ ಸಿಜಿಬಿ ತುಣುಕಿಗಿಂತ ಅದು 15 ಸುತ್ತು ತಡವಾಗಿ ಬಂದರೆ ಅಡ್ಡ ಪ್ರತಿಕ್ರಿಯೆ ಸುಮಾರು 32,768ರಲ್ಲಿ ಒಂದು ಪಾಲು, ನಡೆಯುತ್ತದೆ. ಐದೇ ಸುತ್ತು ತಡವಾದರೆ 32ರಲ್ಲಿ ಒಂದು ಪಾಲು. ಆ ಪ್ರೈಮರನ್ನು ಬಿಟ್ಟುಬಿಡಿ.

ಪಾಸಿಟಿವ್ ಕಂಟ್ರೋಲಿಗೆ (ಜೀನ್ ಚಾಲೂ ಇದ್ದೇ ಇರುವ ಮಾದರಿಗೆ) ಹೆಸರಾದ, ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶ ಸಾಲುಗಳಿವೆ: ಎಚ್‌ಸಿಜಿ ಬೀಟಾಗೆ ಜೆಇಜಿ-3 ಅಥವಾ ಜೆಎಆರ್, ಕ್ಯಾಲ್ಸಿಟೋನಿನ್‌ಗೆ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರಿನ ಟಿಟಿ, ಪಿಒಎಂಸಿಗೆ ಡಿಎಂಎಸ್-79. ಈಸ್ಟ್ರೊಜೆನ್ ಗ್ರಾಹಕದ ಜೀನ್ ಇಎಸ್‌ಆರ್1 ಅಳೆಯುವವರು ಎಂಸಿಎಫ್-7ನ್ನು ಪಾಸಿಟಿವ್ ಆಗಿ, ಎಂಡಿಎ-ಎಂಬಿ-231ನ್ನು ನೆಗೆಟಿವ್ ಆಗಿ ಇಟ್ಟುಕೊಳ್ಳಬಹುದು. ಎಟಿಟಿ-20 ಪಿಒಎಂಸಿಯನ್ನು ಧಾರಾಳವಾಗಿ ಮಾಡುತ್ತದೆ, ಆದರೆ ಅದು ಇಲಿಯ ಕೋಶ. ಮಾನವ ಪ್ರೈಮರ್‌ಗೆ ಅದು ಕಂಟ್ರೋಲ್ ಆಗಲಾರದು.

ಅಂಗಾಂಶದ ತುಂಡು

ನೈತಿಕ ಸಮಿತಿಯ ಅನುಮತಿ, ರೋಗಿಯ ಒಪ್ಪಿಗೆ ಕೈಯಲ್ಲಿದ್ದ ಮೇಲೆಯೇ ಕೆಲಸ ಶುರು. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಕಟ್ಟಿದ ಗಳಿಗೆಯಿಂದ ಕೋಶಗಳು ಆಮ್ಲಜನಕವಿಲ್ಲದೆ ಒದ್ದಾಡುತ್ತಿರುತ್ತವೆ. ಜೀನ್‌ಗಳ ಚಿತ್ರವೂ ಬದಲಾಗುತ್ತಿರುತ್ತದೆ. ತುಂಡು ಹೊರಬಂದು 20-30 ನಿಮಿಷದೊಳಗೆ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಸಮಯವನ್ನು ಬರೆದಿಡಿ. ಎಲ್ಲ ತುಂಡಿಗೂ ಒಂದೇ ಸಮಯ ಸಾಧ್ಯವಾಗದಿದ್ದರೂ ಬರೆದಿಟ್ಟ ಸಮಯ ಆಮೇಲೆ ಲೆಕ್ಕಕ್ಕೆ ಬರುತ್ತದೆ.

ದ್ರವ ಸಾರಜನಕ ಹತ್ತಿರವಿಲ್ಲದಿದ್ದರೆ ಆರ್‌ಎನ್‌ಎಲೇಟರ್ ದ್ರಾವಣ ಸಾಕು. ಅದು ಅಂಗಾಂಶದೊಳಕ್ಕೆ ನಿಧಾನವಾಗಿ ಇಳಿಯುವುದರಿಂದ ತುಂಡಿನ ಒಂದು ಬದಿಯಾದರೂ ಅರ್ಧ ಸೆಂಟಿಮೀಟರಿಗಿಂತ ತೆಳುವಾಗಿರಬೇಕು, ದ್ರಾವಣ ತುಂಡಿನ ಕನಿಷ್ಠ ಐದು ಪಟ್ಟು ಇರಬೇಕು. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ದ್ರಾವಣ ಬಸಿದು, ಮೈನಸ್ 80ಕ್ಕೆ ಹಾಕಿ. ದಪ್ಪ ತುಂಡನ್ನು ಹಾಗೇ ಮುಳುಗಿಸಿದರೆ ಹೊರಮೈ ಉಳಿಯುತ್ತದೆ, ಒಳಗಿನ ಆರ್‌ಎನ್‌ಎ ಹಾಳಾಗುತ್ತದೆ.

ಪಕ್ಕದ ಒಂದು ತೆಳು ಸೆಕ್ಷನ್ನನ್ನು ಎಚ್ ಅಂಡ್ ಇ ಎಂಬ ಮಾಮೂಲಿ ಬಣ್ಣ ಹಾಕಿ ಪೆಥಾಲಜಿಸ್ಟರಿಗೆ ತೋರಿಸದೆ ಮುಂದೆ ಹೋಗಬೇಡಿ. ಗೆಡ್ಡೆಯ ಕೋಶ ಶೇ 80 ಇರುವ ತುಂಡಿಗೂ ಶೇ 20 ಇರುವ ತುಂಡಿಗೂ ನಾಲ್ಕು ಪಟ್ಟು ವ್ಯತ್ಯಾಸ ಜೀನ್ ಏರದೆಯೇ ಬಂದುಬಿಡುತ್ತದೆ. ಅಂದರೆ ಎರಡು ಸುತ್ತು. ಎಷ್ಟೋ ಬಾರಿ "ಏರಿಕೆ" ಎಂದು ಬರೆದಿರುವುದು ಇದೇ. ಕನಿಷ್ಠ ಶೇ 50 ಗೆಡ್ಡೆ ಕೋಶ ಇರುವ ತುಂಡನ್ನಷ್ಟೇ ಆರಿಸಿ. ಕಡಿಮೆಯಿದ್ದರೆ ಗ್ಲಾಸ್ ಸ್ಲೈಡಿನ ಮೇಲೆ ಗುರುತು ಹಾಕಿದ ಭಾಗವನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ, ಅಥವಾ ಲೇಸರ್ ಮೈಕ್ರೋಡಿಸೆಕ್ಷನ್ ಬಳಸಿ. ಸತ್ತ ಭಾಗ ಹೆಚ್ಚಿರುವ ತುಂಡು ಆರ್‌ಎನ್‌ಎ ಕೊಡುವುದೂ ಕಡಿಮೆ, ಕೊಟ್ಟದ್ದೂ ಚೂರುಚೂರು.

ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಬ್ಲಾಕ್ ಮಾಡಿದ ಅಂಗಾಂಶವೂ ಆಗುತ್ತದೆ, ಆದರೆ ಅದರ ದಾರಿಯೇ ಬೇರೆ. 10 ಮೈಕ್ರಾನ್ ದಪ್ಪದ ಎರಡರಿಂದ ನಾಲ್ಕು ಸೆಕ್ಷನ್ ತೆಗೆಯಿರಿ, ಗಾಳಿಗೆ ಒಡ್ಡಿದ್ದ ಮೊದಲ ಒಂದೆರಡನ್ನು ಬಿಸಾಡಿ. ಜೈಲೀನ್, ಎಥನಾಲ್‌ನಿಂದ ಮೇಣ ತೆಗೆದು, ಪ್ರೋಟಿನೇಸ್ ಕೆಯಲ್ಲಿ 55 ಡಿಗ್ರಿಯಲ್ಲಿ ಕರಗಿಸಿ, ಬಳಿಕ 80 ಡಿಗ್ರಿಯಲ್ಲಿ 15 ನಿಮಿಷ ಇಡಿ; ಫಾರ್ಮಲಿನ್ ಹಾಕಿದ ಅಡ್ಡಗಂಟುಗಳು ಈ ಶಾಖಕ್ಕೆ ಬಿಚ್ಚುತ್ತವೆ. ಹೆಪ್ಪುಗಟ್ಟಿಸಿದ ತುಂಡುಗಳನ್ನೂ ಬ್ಲಾಕಿನ ತುಂಡುಗಳನ್ನೂ ಒಂದೇ ಹೋಲಿಕೆಯಲ್ಲಿ ಬೆರೆಸಬೇಡಿ.

ಆರ್‌ಎನ್‌ಎ ಹೊರತೆಗೆಯುವುದು

ಹೆಪ್ಪುಗಟ್ಟಿದ ತುಂಡು ಕರಗಲು ಬಿಟ್ಟರೆ ಮುಗಿಯಿತು. ಮಂಜಿನ ಹರಳು ಕೋಶದ ಪೊರೆಗಳನ್ನು ಆಗಲೇ ಹರಿದಿರುತ್ತದೆ, ಕರಗುತ್ತಿದ್ದಂತೆ ಆರ್‌ಎನೇಸ್ ಕಿಣ್ವ ಎಲ್ಲೆಡೆ ಹರಡಿ ನಿಮಿಷಗಳಲ್ಲಿ ಆರ್‌ಎನ್‌ಎಯನ್ನು ತಿಂದುಹಾಕುತ್ತದೆ. ದ್ರವ ಸಾರಜನಕ ಸುರಿದು ತಣ್ಣಗಾಗಿಸಿದ ಕುಟ್ಟಾಣಿಯಲ್ಲಿ ತುಂಡನ್ನು ಪುಡಿ ಮಾಡಿ, ಆ ಪುಡಿ ಬಿಳಿಯಾಗಿ ಒಣಗಿಯೇ ಇರುವಾಗ ನೇರ ಟ್ರೈಜಾಲ್ ಎಂಬ, ಆರ್‌ಎನ್‌ಎ ಬಿಡಿಸುವ ದ್ರಾವಣಕ್ಕೆ ಹಾಕಿ. 50ರಿಂದ 100 ಮಿಲಿಗ್ರಾಂಗೆ 1 ಮಿಲಿಲೀಟರ್. ಆಸೆಪಟ್ಟು 200 ಮಿಲಿಗ್ರಾಂ ತುರುಕಿದರೆ ಡಿಎನ್‌ಎ ಮತ್ತು ಪ್ರೋಟೀನ್ ಮೇಲಿನ ಪದರಕ್ಕೆ ಬರುತ್ತವೆ. ಟ್ರೈಜಾಲ್‌ನಲ್ಲಿ ಫೀನಾಲ್ ಇದೆ, ಚರ್ಮ ಸುಡುತ್ತದೆ. ಫ್ಯೂಮ್ ಹುಡ್, ಕೈಗವಸು, ಕನ್ನಡಕ ಬೇಕೇ ಬೇಕು. ಅದರಲ್ಲಿರುವ ಗ್ವಾನಿಡಿನ್ ಥಯೋಸಯನೇಟ್ ಬ್ಲೀಚ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ. ಈ ಕಸಕ್ಕೆ, ಚೆಲ್ಲಿದ ಜಾಗಕ್ಕೆ ಬ್ಲೀಚ್ ಸುರಿಯಲೇಬಾರದು.

1. ಹೋಮೋಜಿನೈಸ್ ಮಾಡಿ (ಒಂದೇ ಸಮನಾಗಿ ಅರೆದು), ಕೋಣೆಯ ತಾಪದಲ್ಲಿ 5 ನಿಮಿಷ ಬಿಡಿ.
2. ಪ್ರತಿ 1 ಮಿಲಿಲೀಟರ್ ಟ್ರೈಜಾಲ್‌ಗೆ 0.2 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ, 15 ಸೆಕೆಂಡ್ ಜೋರಾಗಿ ಅಲ್ಲಾಡಿಸಿ, 2-3 ನಿಮಿಷ ಬಿಡಿ.
3. 12,000 ಜಿ ವೇಗದಲ್ಲಿ, 4 ಡಿಗ್ರಿಯಲ್ಲಿ, 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ.
4. ಮೇಲಿನ ಪದರವನ್ನು ಹೊಸ ಟ್ಯೂಬಿಗೆ ತೆಗೆದು 0.5 ಮಿಲಿಲೀಟರ್ ಐಸೊಪ್ರೊಪನಾಲ್ ಸೇರಿಸಿ, 10 ನಿಮಿಷ ಬಿಟ್ಟು, 12,000 ಜಿಯಲ್ಲಿ 10 ನಿಮಿಷ ತಿರುಗಿಸಿ.
5. ಶೇ 75ರ ಎಥನಾಲ್ 1 ಮಿಲಿಲೀಟರ್‌ನಿಂದ ತೊಳೆದು, 7,500 ಜಿಯಲ್ಲಿ 5 ನಿಮಿಷ.
6. 5ರಿಂದ 10 ನಿಮಿಷ ಗಾಳಿಗೆ ಆರಿಸಿ, 30ರಿಂದ 50 ಮೈಕ್ರೋಲೀಟರ್ ಆರ್‌ಎನೇಸ್ ಇಲ್ಲದ ನೀರಿನಲ್ಲಿ 55 ಡಿಗ್ರಿಯಲ್ಲಿ 10 ನಿಮಿಷ ಕರಗಿಸಿ.

ಮೂರನೇ ಹೆಜ್ಜೆ ಮುಗಿದಾಗ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ ಗುಲಾಬಿ-ಕೆಂಪು ಫೀನಾಲ್, ನಡುವೆ ಮೊಸರಿನ ಕೆನೆಯಂತೆ ಬಿಳಿ ಪದರ, ಮೇಲೆ ಬಣ್ಣವಿಲ್ಲದ ನೀರು. ಆರ್‌ಎನ್‌ಎ ಇರುವುದು ಆ ನೀರಿನಲ್ಲಿ, ಡಿಎನ್‌ಎ ಕೂತಿರುವುದು ಬಿಳಿ ಕೆನೆಯಲ್ಲಿ. ಟ್ಯೂಬನ್ನು ಓರೆಯಾಗಿ ಹಿಡಿದು, ಪಿಪೆಟ್ಟಿನ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡೇ ಇಳಿಸುತ್ತ 400 ಮೈಕ್ರೋಲೀಟರ್ ತೆಗೆದು ನಿಲ್ಲಿಸಿ. ಉಳಿದ ಕೊನೆಯ 100 ಮೈಕ್ರೋಲೀಟರ್ ಬಿಟ್ಟುಬಿಡಿ. ಕೆನೆಯನ್ನು ಒಂದು ಸಲ ಮುಟ್ಟಿದರೂ ಟ್ಯೂಬನ್ನು ಮತ್ತೆ ತಿರುಗಿಸುವುದೇ ಸರಿ. ಆರಿಸುವಾಗ ಬಿಳಿ ಗುಳಿಗೆ ಗಾಜಿನಂತೆ ಪಾರದರ್ಶಕವಾಗುವ ಅಂಚಿಗೆ ಬಂದರೆ ನೀರು ಹಾಕಿ. ಪೂರ್ತಿ ಒಣಗಿದರೆ ಆಮೇಲೆ ಕರಗುವುದಿಲ್ಲ. ಸೂಜಿ ಬಯಾಪ್ಸಿಯಂಥ ಚಿಕ್ಕ ತುಂಡಾದರೆ ಐಸೊಪ್ರೊಪನಾಲ್ ಹಾಕುವ ಮೊದಲು 5ರಿಂದ 10 ಮೈಕ್ರೋಗ್ರಾಂ ಗ್ಲೈಕೊಜೆನ್ ಸೇರಿಸಿ. ಇಲ್ಲವಾದರೆ ಗುಳಿಗೆ ಕಣ್ಣಿಗೇ ಕಾಣದೆ ಎಥನಾಲ್ ಜೊತೆ ಹೊರಟುಹೋಗುತ್ತದೆ.

ಗುಣಮಟ್ಟ, ಡಿಎನೇಸ್, ಸಿಡಿಎನ್‌ಎ

ಆರ್‌ಎನ್‌ಎ ಬೆಳಕು ಹೀರುವುದನ್ನು 260, 280, 230 ನ್ಯಾನೋಮೀಟರ್‌ಗಳಲ್ಲಿ ಅಳೆಯಿರಿ. 260/280 ಅನುಪಾತ 2.0ರ ಆಸುಪಾಸು, 260/230 ಅನುಪಾತ 2.0ರಿಂದ 2.2 ಇದ್ದರೆ ಆರ್‌ಎನ್‌ಎ ಶುದ್ಧ. ಎರಡನೆಯದು 1ಕ್ಕಿಂತ ಕೆಳಗಿದ್ದರೆ ಗ್ವಾನಿಡಿನ್ ಉಳಿದಿದೆ, ಎಥನಾಲ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ. ಶುದ್ಧತೆ ಬೇರೆ, ಅಖಂಡತೆ ಬೇರೆ. ಚೂರಾದ ಆರ್‌ಎನ್‌ಎ ಕೂಡ 2.0 ತೋರಿಸುತ್ತದೆ. ಅದಕ್ಕೆ ಬಯೋಅನಲೈಜರ್‌ನಂಥ ಯಂತ್ರದಲ್ಲಿ ಆರ್‌ಐಎನ್ ಎಂಬ ಅಖಂಡತೆಯ ಅಂಕ ನೋಡಿ: 7ಕ್ಕಿಂತ ಮೇಲೆ ಒಳ್ಳೆಯದು, 5ರವರೆಗೆ ಚಿಕ್ಕ ತುಣುಕಿನ ಕ್ಯೂಪಿಸಿಆರ್‌ಗೆ ನಡೆಯುತ್ತದೆ. ಪ್ಯಾರಾಫಿನ್ ಅಂಗಾಂಶಕ್ಕೆ ಆರ್‌ಐಎನ್ ಅರ್ಥ ಕೊಡುವುದಿಲ್ಲ. ಅಲ್ಲಿ 200 ಬೇಸಿಗಿಂತ ಉದ್ದದ ಚೂರುಗಳು ಶೇಕಡಾ ಎಷ್ಟಿವೆ ಎಂಬ ಡಿವಿ200 ಅಳತೆ ನೋಡಬೇಕು. ಗೆಡ್ಡೆಯ ತುಂಡುಗಳೆಲ್ಲ 8, ಆರೋಗ್ಯವಂತ ತುಂಡುಗಳೆಲ್ಲ 5 ಬಂದಿದ್ದರೆ ಅಲ್ಲೇ ನಿಲ್ಲಿಸಿ. ಆ ಹೋಲಿಕೆ ಅಳೆಯುವುದು ಆರ್‌ಎನ್‌ಎಯ ಹಾಳಾಗುವಿಕೆಯನ್ನು.

ಡಿಎನೇಸ್‌ಗೆ 1 ಮೈಕ್ರೋಗ್ರಾಂ ಆರ್‌ಎನ್‌ಎ 8 ಮೈಕ್ರೋಲೀಟರ್‌ನಲ್ಲಿ, 10 ಪಟ್ಟಿನ ಬಫರ್ 1, ಡಿಎನೇಸ್ 1 ಯೂನಿಟ್ 1 ಮೈಕ್ರೋಲೀಟರ್. ಕೋಣೆಯ ತಾಪದಲ್ಲಿ 15 ನಿಮಿಷ. ಬಳಿಕ ಮೆಗ್ನೀಸಿಯಂ ಹಿಡಿದಿಡುವ 25 ಮಿಲಿಮೋಲಾರ್ ಇಡಿಟಿಎ 1 ಮೈಕ್ರೋಲೀಟರ್ ಹಾಕಿ 65 ಡಿಗ್ರಿಯಲ್ಲಿ 10 ನಿಮಿಷ. ಇಡಿಟಿಎ ಮರೆತು ಬಿಸಿ ಮಾಡಿದರೆ ಬಫರಿನಲ್ಲಿರುವ ಮೆಗ್ನೀಸಿಯಂ ಆ ಶಾಖದಲ್ಲಿ ಆರ್‌ಎನ್‌ಎಯನ್ನೇ ತುಂಡರಿಸುತ್ತದೆ.

ಸಿಡಿಎನ್‌ಎ ಮಾಡಲು ಇದೇ 11 ಮೈಕ್ರೋಲೀಟರ್‌ಗೆ (ಮುಂದಿನ ಪ್ರಮಾಣಗಳೂ ಮೈಕ್ರೋಲೀಟರ್) 10 ಮಿಲಿಮೋಲಾರ್ ಡಿಎನ್‌ಟಿಪಿ (ಡಿಎನ್‌ಎ ಕಟ್ಟುವ ಇಟ್ಟಿಗೆಗಳು) 1, ರ‍್ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಕೂರುವ ಆರು ಬೇಸಿನ ಪ್ರೈಮರ್) 1 ಸೇರಿಸಿ 65 ಡಿಗ್ರಿಯಲ್ಲಿ 5 ನಿಮಿಷ, ತಕ್ಷಣ ಮಂಜುಗಡ್ಡೆಗೆ. ಮೇಲೆ 5 ಪಟ್ಟಿನ ಬಫರ್ 4, ಡಿಟಿಟಿ 1, ಆರ್‌ಎನೇಸ್ ತಡೆಯುವ ದ್ರಾವಣ 1, ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (200 ಯೂನಿಟ್) 1. ಒಟ್ಟು 20. ಕಿಣ್ವಕ್ಕೆ ತಕ್ಕಂತೆ ತಾಪ ಬದಲಾಗುತ್ತದೆ. ಶಾಖ ತಡೆಯುವ ಬಗೆಯದಾದರೆ 25 ಡಿಗ್ರಿ 10 ನಿಮಿಷ, 50 ಡಿಗ್ರಿ 50 ನಿಮಿಷ, 85 ಡಿಗ್ರಿ 5 ನಿಮಿಷ. ಒಲಿಗೊ ಡಿಟಿ ಪ್ರೈಮರ್ ಪಾಲಿ-ಎ ಬಾಲದಿಂದ ಶುರುಮಾಡುವುದರಿಂದ ಚೂರಾದ ಆರ್‌ಎನ್‌ಎಯಲ್ಲಿ ಜೀನಿನ ಮುಂಭಾಗವನ್ನು ಮುಟ್ಟುವುದೇ ಇಲ್ಲ, ಪ್ಯಾರಾಫಿನ್ ಅಂಗಾಂಶಕ್ಕೆ ಅದು ಬೇಡ. ಪ್ರತಿ ಮಾದರಿಗೂ ಕಿಣ್ವದ ಬದಲು ನೀರು ಹಾಕಿದ ಇನ್ನೊಂದು ಟ್ಯೂಬ್ ಇರಲಿ. ಎಲ್ಲ ಮಾದರಿಗೂ ಒಂದೇ ತೂಕದ ಆರ್‌ಎನ್‌ಎ, ಒಂದೇ ದಿನ, ಒಂದೇ ಮಾಸ್ಟರ್ ಮಿಕ್ಸ್. ಇಡೀ ಸರಣಿಯಲ್ಲಿ ಹೆಚ್ಚು ಏರುಪೇರಾಗುವ ಪ್ರತಿಕ್ರಿಯೆ ಇದೇ, ಕ್ಯೂಪಿಸಿಆರ್ ಅಲ್ಲ.

ಪ್ಲೇಟು

20 ಮೈಕ್ರೋಲೀಟರ್ ಸಿಡಿಎನ್‌ಎಯನ್ನು ನೀರು ಸೇರಿಸಿ 100 ಮೈಕ್ರೋಲೀಟರ್‌ಗೆ ತೆಳು ಮಾಡಿ. ಬಾವಿಯೊಂದಕ್ಕೆ ಎಸ್‌ವೈಬಿಆರ್ (ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ) ಮಿಕ್ಸ್ 10, 10 ಮೈಕ್ರೋಮೋಲಾರ್ ಪ್ರೈಮರ್ ಎರಡೂ 0.6ರಂತೆ, ನೀರು 6.8, ಸಿಡಿಎನ್‌ಎ 2 ಮೈಕ್ರೋಲೀಟರ್. ಅಂದರೆ ಬಾವಿಗೆ 20 ನ್ಯಾನೋಗ್ರಾಂ ಆರ್‌ಎನ್‌ಎಗೆ ಸಮ. 95 ಡಿಗ್ರಿಯಲ್ಲಿ ಮಿಕ್ಸ್ ತಯಾರಕರು ಹೇಳಿದಷ್ಟು ಹೊತ್ತು, ಆಮೇಲೆ 95 ಡಿಗ್ರಿ 15 ಸೆಕೆಂಡ್, 60 ಡಿಗ್ರಿ 60 ಸೆಕೆಂಡ್, 40 ಸುತ್ತು, ಕೊನೆಗೆ 65ರಿಂದ 95ರವರೆಗೆ ಮೆಲ್ಟ್. ಪ್ರತಿ ಮಾದರಿ ಮೂರು ಬಾವಿ. ಒಂದು ಜೀನಿಗೆ ಎಲ್ಲ ಮಾದರಿಗಳೂ ಒಂದೇ ಪ್ಲೇಟಿನಲ್ಲಿ ಬರಲಿ; ಒಂದು ಮಾದರಿಯ ಎಲ್ಲ ಜೀನ್‌ಗಳು ಬೇರೆ ಬೇರೆ ಪ್ಲೇಟಿಗೆ ಹೋದರೂ ಪರವಾಗಿಲ್ಲ.

ಪ್ರೈಮರಿನ ದಕ್ಷತೆಯನ್ನು ಒಮ್ಮೆಯಾದರೂ ಅಳೆಯಬೇಕು. ಪಾಸಿಟಿವ್ ಸಿಡಿಎನ್‌ಎಯನ್ನು ಹತ್ತು ಪಟ್ಟಿನಂತೆ ಐದು ಸಲ ತೆಳುಮಾಡಿ ಓಡಿಸಿ. ಪ್ರಮಾಣದ ಲಾಗರಿದಂ ಎದುರು ಸಿಕ್ಯೂ ಇಟ್ಟು ಎಳೆದ ಗೆರೆಯ ಇಳಿಜಾರು ಮೈನಸ್ 3.32 ಬಂದರೆ ದಕ್ಷತೆ ಶೇ 100, ಅಂದರೆ ಸುತ್ತಿಗೆ ಎರಡು ಪಟ್ಟು. ಮೈನಸ್ 3.1ರಿಂದ 3.6ರವರೆಗೆ, ಅಂದರೆ ಸುಮಾರು ಶೇ 110ರಿಂದ 90ರವರೆಗೆ ಒಪ್ಪಬಹುದು. ಶೇ 120 ಬಂದರೆ ಪ್ರೈಮರ್ ಅದ್ಭುತವೆಂದು ಹಿಗ್ಗಬೇಡಿ. ಗಟ್ಟಿ ಮಾದರಿಯಲ್ಲಿ ಪ್ರತಿಕ್ರಿಯೆ ತಡೆಯುವ ಪ್ರತಿಬಂಧಕ ಇದೆ ಎಂದೇ ಬಹುಪಾಲು ಅದರ ಅರ್ಥ. ಮೆಲನೋಮಾದ ಮೆಲನಿನ್, ರಕ್ತದ ಹೀಮೋಗ್ಲೋಬಿನ್, ಹೆಪಾರಿನ್ ಎಲ್ಲವೂ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂಶಯ ಬಂದ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ನೋಡಿ: ಸಿಕ್ಯೂ 3.3 ಏರಬೇಕು. ಒಂದೂವರೆ ಮಾತ್ರ ಏರಿದರೆ ಪ್ರತಿಬಂಧಕ ಖಚಿತ.

ಕಿಣ್ವ ಹಾಕದ ಟ್ಯೂಬಿನ ಸಿಕ್ಯೂ, ಹಾಕಿದ್ದಕ್ಕಿಂತ 7 ಸುತ್ತು ತಡವಾಗಿದ್ದರೆ ಜೀನೋಮಿಕ್ ಡಿಎನ್‌ಎಯ ಪಾಲು ಶೇ 1ಕ್ಕಿಂತ ಕಡಿಮೆ, ಬಿಡಬಹುದು. ಮೂರೇ ಸುತ್ತಾದರೆ ಎಂಟರಲ್ಲಿ ಒಂದು ಪಾಲು. ಡಿಎನೇಸ್ ಮತ್ತೆ ಮಾಡಿ. ನೀರಷ್ಟೇ ಹಾಕಿದ ಬಾವಿಯಲ್ಲೂ ಅದೇ ಕರಗು ತಾಪದ ಶಿಖರ ಬಂದರೆ ಹಳೆಯ ಪಿಸಿಆರ್ ತುಣುಕು ಗಾಳಿಯಲ್ಲಿದೆ ಎಂದರ್ಥ. ಕೃತಕ ತುಣುಕು ಬಳಸುವವರಿಗೆ ಈ ಅಪಾಯ ಹೆಚ್ಚು: 100 ಬೇಸ್ ಜೋಡಿಯ ಡಿಎನ್‌ಎ 1 ನ್ಯಾನೋಗ್ರಾಂನಲ್ಲಿ ಸುಮಾರು 926 ಕೋಟಿ ಪ್ರತಿ ಇರುತ್ತದೆ. ಅದನ್ನು ತೆಳುಮಾಡುವ ಕೆಲಸ ಮಾಸ್ಟರ್ ಮಿಕ್ಸ್ ಮಾಡುವ ಕೋಣೆಯಲ್ಲಿ ಎಂದಿಗೂ ಬೇಡ.

ಹೋಲಿಕೆಯ ಜೀನ್

ಬಾವಿಗೆ ಬಿದ್ದ ಆರ್‌ಎನ್‌ಎ ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪದಂತೆ, ಎಲ್ಲ ತುಂಡಿನಲ್ಲೂ ಒಂದೇ ಮಟ್ಟದಲ್ಲಿರುವ ಜೀನನ್ನು ಅಳತೆಗೋಲಾಗಿ ಇಡಬೇಕು. ಎಲ್ಲರೂ ಜಿಎಪಿಡಿಎಚ್ ಬಳಸುತ್ತಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಡಿಯಬೇಡಿ. ಅದು ಗ್ಲೂಕೋಸ್ ಒಡೆಯುವ ದಾರಿಯ ಕಿಣ್ವ. ಗೆಡ್ಡೆ ಗ್ಲೂಕೋಸನ್ನು ಹೆಚ್ಚು ಸುಡುತ್ತದೆ, ಒಳಗೆ ಆಮ್ಲಜನಕ ಕಡಿಮೆ. ಎರಡೂ ಕಾರಣಕ್ಕೆ ಜಿಎಪಿಡಿಎಚ್ ಏರುತ್ತದೆ. ಅಳತೆಗೋಲೇ ಉದ್ದವಾದರೆ ಹಾರ್ಮೋನ್ ಜೀನ್ ಇಳಿದಂತೆ ಕಾಣುತ್ತದೆ. ಜೊತೆಗೆ ಜೀನೋಮಿನಲ್ಲಿ ಅದರ ಹುಸಿಜೀನ್‌ಗಳು (ಕೆಲಸ ಮಾಡದ ನಕಲುಗಳು) ಹತ್ತಾರು, ಇಂಟ್ರಾನ್ ಇಲ್ಲದವು. 18ಎಸ್ ಎಂಬ ರೈಬೋಸೋಮಿನ ಆರ್‌ಎನ್‌ಎ ಅತಿಯಾಗಿ ಇರುವುದರಿಂದ ಅಪರೂಪದ ಹಾರ್ಮೋನ್ ಜೀನಿಗೆ ಅಳತೆಗೋಲಾಗಲು ಯೋಗ್ಯವಲ್ಲ.

ಎಚ್‌ಪಿಆರ್‌ಟಿ1, ಟಿಬಿಪಿ, ವೈವಾಝಡ್, ಎಸ್‌ಡಿಎಚ್‌ಎ, ಜಿಯುಎಸ್‌ಬಿ, ಪಿಪಿಐಎ, ಆರ್‌ಪಿಎಲ್‌ಪಿ0, ಪಿಯುಎಂ1 ಇವುಗಳಲ್ಲಿ ಆರೆಂಟನ್ನು ನಿಮ್ಮದೇ ಗೆಡ್ಡೆ ಮತ್ತು ಆರೋಗ್ಯವಂತ ತುಂಡುಗಳಲ್ಲಿ ಹತ್ತರಂತೆ ಓಡಿಸಿ, 2002ರಲ್ಲಿ ಬಂದ ಜಿನಾರ್ಮ್ ಅಥವಾ 2004ರ ನಾರ್ಮ್‌ಫೈಂಡರ್ ಎಂಬ, ಸ್ಥಿರ ಜೀನ್ ಆರಿಸುವ ಲೆಕ್ಕಕ್ಕೆ ಕೊಡಿ. ಜಿನಾರ್ಮ್‌ನ ಎಂ ಬೆಲೆ (ಕಡಿಮೆಯಿದ್ದಷ್ಟೂ ಜೀನ್ ಸ್ಥಿರ) ಒಂದೇ ಬಗೆಯ ಕೋಶಗಳಲ್ಲಿ 0.5ಕ್ಕಿಂತ, ಗೆಡ್ಡೆಯಂಥ ಮಿಶ್ರ ಅಂಗಾಂಶದಲ್ಲಿ 1ಕ್ಕಿಂತ ಕಡಿಮೆ ಇರಬೇಕು. ಸ್ಥಿರವಾಗಿರುವ ಎರಡು-ಮೂರನ್ನು ಒಟ್ಟಿಗೆ ಬಳಸಿ. ಸ್ತನ ಕ್ಯಾನ್ಸರಿನ ಆಂಕೊಟೈಪ್ ಡಿಎಕ್ಸ್ ಪರೀಕ್ಷೆ 16 ಜೀನ್ ಅಳೆಯಲು ಐದು ಹೋಲಿಕೆಯ ಜೀನ್‌ಗಳ ಆಸರೆ ಪಡೆಯುತ್ತದೆ ಎಂಬುದನ್ನು ನೆನಪಿಡಿ.

ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಗೆಡ್ಡೆಯಲ್ಲಿ ಸಿಜಿಬಿ ಸಿಕ್ಯೂ 29.4, ಹೋಲಿಕೆಯ ಜೀನ್‌ಗಳ ಸರಾಸರಿ 22.1. ಆರೋಗ್ಯವಂತ ತುಂಡಿನಲ್ಲಿ ಸಿಜಿಬಿ 33.6, ಹೋಲಿಕೆ 22.6. ಡೆಲ್ಟಾ ಸಿಕ್ಯೂ (ಎರಡು ಸಿಕ್ಯೂಗಳ ವ್ಯತ್ಯಾಸ) ಗೆಡ್ಡೆಗೆ 7.3, ಇನ್ನೊಂದಕ್ಕೆ 11.0. ವ್ಯತ್ಯಾಸ ಮೈನಸ್ 3.7. 2ರ ಘಾತ 3.7 ಎಂದರೆ 13 ಪಟ್ಟು. ಇದು 2001ರಲ್ಲಿ ಲಿವಾಕ್ ಮತ್ತು ಶ್ಮಿಟ್‌ಗೆನ್ ಬರೆದ ಡೆಲ್ಟಾ ಡೆಲ್ಟಾ ಲೆಕ್ಕ, ಎರಡೂ ಪ್ರೈಮರ್ ದಕ್ಷತೆ ಶೇ 100 ಎಂದು ಇಟ್ಟುಕೊಂಡದ್ದು. ಸಿಜಿಬಿ ಪ್ರೈಮರ್ ಸುತ್ತಿಗೆ 1.92 ಪಟ್ಟು, ಹೋಲಿಕೆಯದು 1.98 ಪಟ್ಟು ಹೆಚ್ಚಿಸುತ್ತದೆ ಎನ್ನಿ. ಅದೇ ವರ್ಷದ ಫಾಫಲ್ ಸೂತ್ರದಲ್ಲಿ 1.92ರ ಘಾತ 4.2 ಅಂದರೆ 15.5, ಅದನ್ನು 1.98ರ ಘಾತ 0.5 ಅಂದರೆ 1.41ರಿಂದ ಭಾಗಿಸಿದರೆ 11 ಪಟ್ಟು. ಅದೇ ಪ್ಲೇಟು, ಅದೇ ಬಾವಿ, 13ರ ಬದಲು 11. ಎರಡನೆಯದನ್ನೇ ಬರೆಯಿರಿ.

ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಪಟ್ಟುಗಳ ಮೇಲೆ ಮಾಡಬೇಡಿ, ಡೆಲ್ಟಾ ಸಿಕ್ಯೂ ಮೇಲೆ ಮಾಡಿ. ಪಟ್ಟುಗಳು ಒಂದೇ ಕಡೆ ಬಾಲ ಚಾಚುತ್ತವೆ. ಒಬ್ಬರದೇ ಗೆಡ್ಡೆ ಮತ್ತು ಪಕ್ಕದ ಅಂಗಾಂಶವಾದರೆ ಜೋಡಿ ಪರೀಕ್ಷೆ. ಮೂರು ಬಾವಿಗಳು ಮೂರು ರೋಗಿಗಳಲ್ಲ.

ಸಂಕೇತ ಬಾರದಿದ್ದಾಗ

ಹಾರ್ಮೋನ್ ಜೀನ್‌ಗಳಲ್ಲಿ ಬಹಳ ಮಂದಿ ಎಡವುವುದು ಇಲ್ಲಿ. ಆರೋಗ್ಯವಂತ ತುಂಡಿನಲ್ಲಿ ಜೀನ್ ಪೂರ್ತಿ ಮಲಗಿರುತ್ತದೆ, ಯಂತ್ರ ಏನೂ ತೋರಿಸುವುದಿಲ್ಲ. ಆಗ ಸಿಕ್ಯೂ 40 ಎಂದು ತುಂಬಿಸಿ, "2,000 ಪಟ್ಟು ಏರಿಕೆ" ಎಂದು ಬರೆಯುತ್ತಾರೆ. ಆ ಸಂಖ್ಯೆ ಹುಟ್ಟಿದ್ದು ಸುತ್ತು ನಿಲ್ಲಿಸಿದ ಜಾಗದಿಂದ. 45 ಸುತ್ತು ಓಡಿಸಿ 45 ಎಂದು ತುಂಬಿಸಿದ್ದರೆ ಅದೇ 64,000 ಪಟ್ಟು ಆಗುತ್ತಿತ್ತು. ಇಂಥಲ್ಲಿ ಪಟ್ಟು ಹೇಳಲೇಬೇಡಿ. ಎಷ್ಟು ಗೆಡ್ಡೆಗಳಲ್ಲಿ ಕಂಡಿತು, ಎಷ್ಟು ಆರೋಗ್ಯವಂತ ತುಂಡುಗಳಲ್ಲಿ ಕಂಡಿತು, ನಿಮ್ಮ ಪರೀಕ್ಷೆಗೆ ಕಾಣುವ ಕನಿಷ್ಠ ಪ್ರತಿ ಎಷ್ಟು, ಇಷ್ಟನ್ನು ಬರೆಯಿರಿ.

ಬಾವಿಗೆ ಸರಾಸರಿ 3 ಪ್ರತಿ ಬೀಳುವಂತಿದ್ದರೂ ನೂರರಲ್ಲಿ ಐದು ಬಾವಿಗೆ ಒಂದೂ ಬೀಳುವುದಿಲ್ಲ. ಅದು ಪಾಯ್ಸನ್ ಎಂಬ ಆಕಸ್ಮಿಕ ಹಂಚಿಕೆಯ ಲೆಕ್ಕ, ಎಂಥ ಕೈಚಳಕಕ್ಕೂ ಬಗ್ಗುವುದಿಲ್ಲ. ಮೂರು ಬಾವಿಯಲ್ಲಿ ಒಂದರಲ್ಲಿ ಮಾತ್ರ ಸಿಕ್ಯೂ 37 ಬಂದರೆ ಬಾವಿಗಳನ್ನು ಎಂಟಕ್ಕೆ ಏರಿಸಿ, ಸಿಡಿಎನ್‌ಎಯನ್ನು ತೆಳುಮಾಡದೆ 2 ಮೈಕ್ರೋಲೀಟರ್ ಹಾಕಿ. ಅದಕ್ಕಿಂತ ಹೆಚ್ಚು ಬೇಡ, ಸಿಡಿಎನ್‌ಎ ಮಿಶ್ರಣ ಬಾವಿಯ ಹತ್ತನೇ ಒಂದು ಪಾಲು ದಾಟಿದರೆ ಪ್ರತಿಕ್ರಿಯೆಗೇ ಅಡ್ಡಿ. ಆಗಲೂ ತೂಗಾಡಿದರೆ ಡಿಜಿಟಲ್ ಪಿಸಿಆರ್‌ಗೆ ಹೋಗಿ, ಅದು ಪ್ರತಿಗಳನ್ನು ಎಣಿಸಿಯೇ ಹೇಳುತ್ತದೆ.

ಸಂಕೇತ ಸಿಕ್ಕಿದರೂ ಅದು ಗೆಡ್ಡೆ ಕೋಶದ್ದೇ ಎಂದು ಕಣ್ಣಾರೆ ನೋಡಬೇಕಾದರೆ ಪಕ್ಕದ ಸೆಕ್ಷನ್ನಿನಲ್ಲಿ ಇನ್ ಸಿಟು ಹೈಬ್ರಿಡೈಸೇಶನ್ (ಕೋಶದೊಳಗೇ ಎಂಆರ್‌ಎನ್‌ಎಯನ್ನು ಗುರುತು ಹಚ್ಚಿ ತೋರಿಸುವ ವಿಧಾನ) ಮಾಡಿಸಿ. ಎಂಆರ್‌ಎನ್‌ಎ ಇದ್ದ ಮಾತ್ರಕ್ಕೆ ಕೆಲಸ ಮಾಡುವ ಹಾರ್ಮೋನ್ ಹೊರಬರುತ್ತಿದೆ ಎಂದೂ ಅಲ್ಲ. ಪಿಒಎಂಸಿ ಪ್ರೋಟೀನನ್ನು ಕತ್ತರಿಸಿ ಎಸಿಟಿಎಚ್ ಮಾಡುವ ಪಿಸಿ1 ಕಿಣ್ವ ಗೆಡ್ಡೆಯಲ್ಲಿ ಸಾಲದಿದ್ದರೆ ರಕ್ತಕ್ಕೆ ಬರುವುದು ಕತ್ತರಿಸದ ಉದ್ದ ರೂಪ. ಅಂಥ ಗೆಡ್ಡೆಯಲ್ಲಿ ಪಿಒಎಂಸಿ ಜೊತೆ ಪಿಸಿ1 ಕಿಣ್ವದ ಪಿಸಿಎಸ್‌ಕೆ1 ಜೀನನ್ನೂ ಅದೇ ಪ್ಲೇಟುಗಳ ಸಾಲಿನಲ್ಲಿ ಅಳೆದುಬಿಡಿ. ವರದಿಯಲ್ಲಿ ಪ್ರೈಮರಿನ ಅಕ್ಷರಗಳು, ಎಕ್ಸಾನ್ ಸ್ಥಾನ, ದಕ್ಷತೆ, ಆರ್‌ಐಎನ್, ಗೆಡ್ಡೆ ಕೋಶದ ಶೇಕಡಾವಾರು, ಹೋಲಿಕೆಯ ಜೀನ್‌ಗಳು, ಕಿಣ್ವರಹಿತ ಟ್ಯೂಬಿನ ಸಿಕ್ಯೂ ಇರಲಿ; ಕ್ಯೂಪಿಸಿಆರ್ ವರದಿಗಳಿಗೆಂದು ಬಂದ 2009ರ ಎಂಐಕ್ಯೂಇ ಮಾರ್ಗಸೂಚಿ ಕೇಳುವುದೂ ಬಹುಪಾಲು ಇವನ್ನೇ. ಉಳಿದ ಆರ್‌ಎನ್‌ಎಯನ್ನು 5 ಮೈಕ್ರೋಲೀಟರ್‌ನ ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 80ರಲ್ಲಿ ಇಡಿ. ಮತ್ತೆ ಬೇಕಾದಾಗ ಒಂದನ್ನಷ್ಟೇ ಕರಗಿಸಬಹುದು.